ಬಿಲ್ಲುಗಾರನ ಹಾಳೆ ಮತ್ತು ಹಸಿರು ಡ್ರ್ಯಾಗನ್: ಒಂದು ಸಿದ್ಧ ಪಾತ್ರದ ಪ್ರಕರಣ ಅಧ್ಯಯನ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುವವರಲ್ಲಿ ಲೆಕ್ಕದ ಹುಚ್ಚಿರುವ ಒಂದು ವರ್ಗವಿದೆ. ಪೆಟ್ಟಿಗೆಯ ಜೊತೆಗೆ ಅಚ್ಚಾಗಿ ಬರುವ ಸಿದ್ಧ ಪಾತ್ರಗಳನ್ನು ಕಂಡರೆ ಅವರು ಮೂಗು ಮುರಿಯುತ್ತಾರೆ. ಅಂಕಗಳನ್ನು ಸರಿಯಾಗಿ ಹಂಚಿಲ್ಲ, ಆಯುಧ ತಪ್ಪು, ಕವಚ ತೆಳು, ಇದನ್ನು ನಾನು ಮಾಡಿದ್ದರೆ ಹೀಗಿರುತ್ತಿರಲಿಲ್ಲ ಎಂಬ ಮಾತು ಮೇಜಿನ ಸುತ್ತ ಬಂದೇ ಬರುತ್ತದೆ. ಈ ದೂರಿನಲ್ಲಿ ಎಷ್ಟು ಹುರುಳಿದೆ ಎಂದು ನೋಡಲು ಒಂದೇ ಒಂದು ಪಾತ್ರವನ್ನು ತೆಗೆದುಕೊಂಡು ಕೊನೆಯವರೆಗೂ ಲೆಕ್ಕ ಹಾಕಿದ್ದೇನೆ. ಆ ಪಾತ್ರ 2014ರ ಸ್ಟಾರ್ಟರ್ ಸೆಟ್‌ನಲ್ಲಿ ಬಂದ ಮಾನವ ಫೈಟರ್, ಅಂದರೆ ಯೋಧ, ಬಿಲ್ಲು ಹಿಡಿದವನು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬ ಆಟಗಾರನೂ ಕಥೆಯೊಳಗಿನ ಒಂದು ಪಾತ್ರವನ್ನು ನಡೆಸುತ್ತಾನೆ. ಉಳಿದ ಲೋಕವನ್ನೆಲ್ಲ ನಡೆಸುವವರು ಡಂಜನ್ ಮಾಸ್ಟರ್. ಫಲ ಏನಾಗುತ್ತದೆಂದು ಹೇಳಲಾಗದ ಕಡೆ ಇಪ್ಪತ್ತು ಮುಖದ ದಾಳವನ್ನು ಉರುಳಿಸಿ, ಪಾತ್ರದ ಹಾಳೆಯಲ್ಲಿರುವ ಬೋನಸ್ ಕೂಡಿಸಿ, ಎದುರಿನ ಸಂಖ್ಯೆಯನ್ನು ಮುಟ್ಟಿದೆಯೇ ಎಂದು ನೋಡುತ್ತಾರೆ. ಕದನದಲ್ಲಿ ಆ ಎದುರಿನ ಸಂಖ್ಯೆಗೆ ಆರ್ಮರ್ ಕ್ಲಾಸ್ ಎನ್ನುತ್ತಾರೆ. ಪೆಟ್ಟು ತಾಳುವ ಶಕ್ತಿಯ ಲೆಕ್ಕ ಹಿಟ್ ಪಾಯಿಂಟ್.

ಪೆಟ್ಟಿಗೆಯೊಳಗೆ

ಸ್ಟಾರ್ಟರ್ ಸೆಟ್ ಅಮೆರಿಕದಲ್ಲಿ 2014ರ ಜುಲೈ ತಿಂಗಳಲ್ಲಿ 19.99 ಡಾಲರ್ ಬೆಲೆಗೆ ಬಂತು. ಆಟದ ಐದನೇ ಆವೃತ್ತಿಯ ಮೊದಲ ಪೆಟ್ಟಿಗೆ ಅದು. ಒಳಗೆ 32 ಪುಟಗಳ ನಿಯಮ ಪುಸ್ತಕ, ‘ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್’ ಎಂಬ 64 ಪುಟಗಳ ಸಾಹಸಕಥೆ, ಆರು ದಾಳಗಳು ಮತ್ತು ಐದು ಸಿದ್ಧ ಪಾತ್ರಗಳ ಹಾಳೆಗಳು. ಇಲ್ಲೊಂದು ಮುಖ್ಯ ಸಂಗತಿ ಇದೆ: ಸ್ವಂತ ಪಾತ್ರವನ್ನು ಕಟ್ಟುವ ನಿಯಮಗಳು ಆ 32 ಪುಟಗಳಲ್ಲಿ ಇಲ್ಲ. ಅವು ಬೇಕಿದ್ದರೆ ಅದೇ ತಿಂಗಳು ಅಂತರ್ಜಾಲದಲ್ಲಿ ಉಚಿತವಾಗಿ ಬಿಟ್ಟ ಬೇಸಿಕ್ ರೂಲ್ಸ್ ನೋಡಬೇಕಿತ್ತು. ಪೆಟ್ಟಿಗೆಯನ್ನಷ್ಟೇ ಕೊಂಡವರಿಗೆ ಸಿದ್ಧ ಪಾತ್ರ ಒಂದು ಆಯ್ಕೆಯಾಗಿರಲಿಲ್ಲ, ಇದ್ದದ್ದೇ ಅದು. 2019ರ ಎಸೆನ್ಷಿಯಲ್ಸ್ ಕಿಟ್ ಈ ಕೊರತೆಯನ್ನು ತುಂಬಿ, ಪಾತ್ರ ಕಟ್ಟುವ ನಿಯಮಗಳನ್ನು ಪೆಟ್ಟಿಗೆಯೊಳಗೇ ಇಟ್ಟಿತು.

ಐವರಲ್ಲಿ ಇಬ್ಬರು ಮಾನವ ಫೈಟರ್‌ಗಳು. ಒಬ್ಬ ಶ್ರೀಮಂತ ಮನೆತನದವನು, ಕೈಯಲ್ಲಿ ದೊಡ್ಡ ಕೊಡಲಿ. ಇನ್ನೊಬ್ಬ ಜನಸಾಮಾನ್ಯರ ನಡುವಿನಿಂದ ಬಂದ ಬಿಲ್ಲುಗಾರ. ಉಳಿದ ಮೂವರು ಕುಳ್ಳ ಜನಾಂಗದ ಕ್ಲೆರಿಕ್ (ದೈವಬಲದ ಅರ್ಚಕ), ಎಲ್ಫ್ ಜನಾಂಗದ ವಿಝಾರ್ಡ್ (ಮಂತ್ರವಾದಿ) ಮತ್ತು ಹಾಫ್ಲಿಂಗ್ ಜನಾಂಗದ ರೋಗ್ (ಕಳ್ಳ). ಹಾಳೆಗಳಲ್ಲಿ ಹೆಸರಿನ ಜಾಗ ಖಾಲಿ. ಗಂಡೋ ಹೆಣ್ಣೋ ಎಂಬುದೂ ಆಡುವವರಿಗೆ ಬಿಟ್ಟದ್ದು. ಬರವಣಿಗೆಯ ಅನುಕೂಲಕ್ಕಾಗಿ ಬಿಲ್ಲುಗಾರನನ್ನು ‘ಅವನು’ ಎನ್ನುತ್ತೇನೆ.

ಅವನ ಅಂಕಗಳು ಹೀಗಿವೆ: ಶಕ್ತಿ 14, ಚುರುಕುತನ 16, ದೇಹದಾರ್ಢ್ಯ 15, ಬುದ್ಧಿ 11, ವಿವೇಕ 13, ವರ್ಚಸ್ಸು 9. ಹಿಟ್ ಪಾಯಿಂಟ್ 12. ಚರ್ಮದ ಕವಚ, ಆರ್ಮರ್ ಕ್ಲಾಸ್ 14. ಉದ್ದ ಬಿಲ್ಲಿನಿಂದ ಹೊಡೆಯಲು +7, ತಗುಲಿದರೆ ಎಂಟು ಮುಖದ ದಾಳಕ್ಕೆ 3 ಸೇರಿಸಿ ಪೆಟ್ಟು. ಹತ್ತಿರ ಬಂದವರಿಗೆ ಎರಡು ಕೈಯ ಮಹಾಖಡ್ಗ: +4, ಆರು ಮುಖದ ಎರಡು ದಾಳಕ್ಕೆ 2 ಸೇರಿಸಿ ಪೆಟ್ಟು. ಇಷ್ಟಲ್ಲದೆ ಪ್ರತಿ ಹಾಳೆಯಲ್ಲೂ ಪಾತ್ರದ ಹಿನ್ನೆಲೆ ಮತ್ತು ಒಂದು ವೈಯಕ್ತಿಕ ಗುರಿ ಇದೆ. ಈ ಬಿಲ್ಲುಗಾರನ ಹಿರಿಯರು ಇದ್ದ ಊರು ಥಂಡರ್‌ಟ್ರೀ. ಜ್ವಾಲಾಮುಖಿ ಸಿಡಿದು ಆ ಊರು ಹಾಳಾಯಿತು. ಈಗ ಅಲ್ಲಿಗೆ ಒಂದು ಹಸಿರು ಡ್ರ್ಯಾಗನ್ ಬಂದು ಸೇರಿಕೊಂಡಿದೆ, ಅದನ್ನು ಓಡಿಸುವುದೇ ಅವನ ಗುರಿ.

ಗುರಿಗಳನ್ನು ಹೀಗೆ ಕಥೆಯ ಊರುಗಳಿಗೆ, ಜನರಿಗೆ ಗಂಟು ಹಾಕಿದ್ದು ಈ ಪೆಟ್ಟಿಗೆಯ ಅತ್ಯುತ್ತಮ ಕೆಲಸ ಎಂದು ನನ್ನ ಎಣಿಕೆ. ಕ್ಲೆರಿಕ್ ಕಾಣೆಯಾದ ಗಣಿಗಾರರ ದಾಯಾದಿ. ರೋಗ್‌ಗೆ ಫ್ಯಾಂಡಾಲಿನ್ ಊರನ್ನು ಕಾಡುವ ಪುಂಡರ ಗುಂಪಿನ ಮೇಲೆ ಹಳೆಯ ಹಗೆ. ಹೊಸಬನೊಬ್ಬ ಹಾಳೆ ಓದಿ ಮುಗಿಸುವಷ್ಟರಲ್ಲಿ ಕಥೆಯೊಳಗೆ ಅವನಿಗೊಂದು ಕೆಲಸ ಸಿಕ್ಕಿರುತ್ತದೆ. ಇದನ್ನು ಹೇಳಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದೆ ಬೈಯುವುದಿರುವುದೂ ಈ ಗುರಿಯ ಸಾಲನ್ನೇ.

ಮೂರು ಆರೋಪಗಳು

ಮೊದಲ ಆರೋಪ, ಮಾನವನ ಅಂಕಗಳು ಪೋಲಾಗಿವೆ ಎಂಬುದು. ಇದನ್ನು ತಿಳಿಯಲು ಆಟದ ಒಂದು ಒಳಗುಟ್ಟು ಗೊತ್ತಿರಬೇಕು. ದಾಳಕ್ಕೆ ಕೂಡುವುದು ಅಂಕವಲ್ಲ, ಅದರಿಂದ ಹುಟ್ಟುವ ಬೋನಸ್. 10 ಮತ್ತು 11ಕ್ಕೆ ಸೊನ್ನೆ, 12 ಮತ್ತು 13ಕ್ಕೆ +1, 14 ಮತ್ತು 15ಕ್ಕೆ +2, 16 ಮತ್ತು 17ಕ್ಕೆ +3. ಅಂದರೆ ಬೆಸ ಸಂಖ್ಯೆಯ ಅಂಕ ಇಟ್ಟುಕೊಂಡವನಿಗೆ ಅದರ ಹಿಂದಿನ ಸಮ ಸಂಖ್ಯೆಗಿಂತ ಹೆಚ್ಚಿಗೆ ಏನೂ ಸಿಗುವುದಿಲ್ಲ. 2014ರ ನಿಯಮಗಳು ಕೊಡುವ ಸಿದ್ಧ ಅಂಕಗಳು 15, 14, 13, 12, 10, 8. ಮಾನವನಾಗಿ ಹುಟ್ಟಿದ್ದಕ್ಕೆ ಆರಕ್ಕೂ ಒಂದೊಂದು ಕೂಡಿಸಿದರೆ 16, 15, 14, 13, 11, 9. ಈ ಆರರಲ್ಲಿ ಬೋನಸ್ ಬದಲಾಗಿದ್ದು ಎರಡಕ್ಕೆ ಮಾತ್ರ: 15 ಇದ್ದದ್ದು 16 ಆದದ್ದಕ್ಕೆ, 13 ಇದ್ದದ್ದು 14 ಆದದ್ದಕ್ಕೆ. ಉಳಿದ ನಾಲ್ಕು ಅಂಕಗಳು ಹಾಳೆಯ ಮೇಲೆ ಸುಮ್ಮನೆ ಕುಳಿತಿವೆ. ಇಬ್ಬರೂ ಫೈಟರ್‌ಗಳ ಕಥೆ ಇದೇ.

ಆರೋಪ ನಿಜ. ಅದರಿಂದ ಆದ ನಷ್ಟ ಎಷ್ಟು? ಇದೇ ಆಟದಲ್ಲಿ 27 ಪಾಯಿಂಟ್ ಕೊಟ್ಟು ಅಂಕಗಳನ್ನು ನಾವೇ ಕೊಳ್ಳುವ ಇನ್ನೊಂದು ಕ್ರಮ ಇದೆ. ಆ ಕ್ರಮದಲ್ಲಿ 15, 13, 13, 11, 11, 10 ಕೊಂಡು ಒಂದೊಂದು ಕೂಡಿಸಿದರೆ 16, 14, 14, 12, 12, 11 ಬರುತ್ತದೆ. ಬೋನಸ್‌ಗಳ ಮೊತ್ತ 9. ಅಚ್ಚಾದ ಹಾಳೆಯಲ್ಲಿ ಅದು 7. ಎರಡರ ಅಂತರ ದೊಡ್ಡದಾಗಿ ಕಾಣುತ್ತದೆ. ಆದರೆ ಬಿಲ್ಲುಗಾರನಿಗೆ ಬೇಕಾದ ಕಡೆಗಳಲ್ಲಿ ನೋಡಿ: ಚುರುಕುತನ ಆಗಲೂ +3, ಈಗಲೂ +3. ಶಕ್ತಿ, ದೇಹದಾರ್ಢ್ಯ ಎರಡೂ +2, ವಿವೇಕ +1, ಎಲ್ಲವೂ ಇದ್ದಂತೆಯೇ ಇವೆ. ಹೆಚ್ಚಾಗಿದ್ದು ಬುದ್ಧಿಗೆ ಒಂದು, ವರ್ಚಸ್ಸಿಗೆ ಒಂದು. ಇಷ್ಟೆಲ್ಲ ಲೆಕ್ಕ ಮಾಡಿ ಪೋಲಾದ ಅಂಕಗಳನ್ನು ಗುಡಿಸಿ ತಂದರೂ ಅವನ ಬಾಣ ಒಂದು ಕೂದಲೆಳೆಯಷ್ಟೂ ಉತ್ತಮವಾಗಿ ತಗುಲುವುದಿಲ್ಲ. ವರ್ಚಸ್ಸಿನ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೇ ಆರೋಪ ಮಹಾಖಡ್ಗದ್ದು. ಚುರುಕುತನವೇ ಬಂಡವಾಳವಾದವನ ಕೈಗೆ ಶಕ್ತಿ ಬೇಡುವ ಕತ್ತಿ ಏಕೆ? ರೇಪಿಯರ್ ಎಂಬ ತೆಳು ಕತ್ತಿ ಕೊಟ್ಟಿದ್ದರೆ ಚುರುಕುತನದಿಂದಲೇ +5 ಆಗುತ್ತಿತ್ತಲ್ಲ? ಕೇಳಲು ಸೊಗಸಾದ ವಾದ. ನಾನೂ ಬಹಳ ಕಾಲ ಇದನ್ನು ತಲೆಯಾಡಿಸಿ ಕೇಳಿದವನು. ಕಥೆಯ ಆರಂಭದಲ್ಲಿ ಎದುರಾಗುವ ಸಣ್ಣ ರಾಕ್ಷಸರು ಗಾಬ್ಲಿನ್‌ಗಳು, ಒಂದರ ಆರ್ಮರ್ ಕ್ಲಾಸ್ 15. ರೇಪಿಯರ್ ತಗುಲಲು ದಾಳದಲ್ಲಿ 10 ಬೇಕು, ಅಂದರೆ ನೂರಕ್ಕೆ 55 ಸಲ. ಸರಾಸರಿ ಪೆಟ್ಟು 7.5. ದಾಳದಲ್ಲಿ 20 ಬಿದ್ದಾಗ ಸಿಗುವ ಇಮ್ಮಡಿಯನ್ನೂ ಸೇರಿಸಿದರೆ ಒಂದು ಏಟಿಗೆ ಸುಮಾರು 4.35. ಮಹಾಖಡ್ಗ ತಗುಲುವುದು ನೂರಕ್ಕೆ 50 ಸಲ, ಆದರೆ ಪೆಟ್ಟಿನ ಸರಾಸರಿ 9. ಒಂದು ಏಟಿಗೆ 4.85. ಆರೋಪಿಯ ಕತ್ತಿಯೇ ಗೆದ್ದಿತು! ಶಕ್ತಿಯನ್ನು 13ಕ್ಕೆ ಇಳಿಸಿ ಆ ಅಂಕವನ್ನು ವಿವೇಕಕ್ಕೆ ಕೊಟ್ಟಿದ್ದರೆ ಮಾತ್ರ ರೇಪಿಯರ್ ಮುಂದೆ ಬರುತ್ತಿತ್ತು, ಅದೂ ಅರ್ಧ ಪಾಯಿಂಟಿಗೂ ಕಡಿಮೆ ಅಂತರದಲ್ಲಿ. ಹಾಳೆ ಮಾಡಿದವರು ಕಣ್ಣು ಮುಚ್ಚಿ 14 ಬರೆದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಬಿಲ್ಲಿನ ಲೆಕ್ಕವೂ ಇರಲಿ. +7ರಲ್ಲಿ ಗಾಬ್ಲಿನ್‌ಗೆ ಬಾಣ ನಾಟುವುದು ನೂರಕ್ಕೆ 65 ಸಲ, ಒಂದು ಬಾಣಕ್ಕೆ ಸರಾಸರಿ 5.1. ಕೊಡಲಿ ಹಿಡಿದ ಶ್ರೀಮಂತನಿಗೆ ಬರುವುದು 5.55. ಒಬ್ಬ ಗಾಬ್ಲಿನ್‌ನ ಬಾಯಿವಾಸನೆ ಬಡಿಯುವಷ್ಟು ಹತ್ತಿರ ನಿಂತು ಪಡೆಯುವ ಫಲವನ್ನು ಇನ್ನೊಬ್ಬ 150 ಅಡಿ ದೂರದಿಂದ ಹೆಚ್ಚುಕಡಿಮೆ ಅಷ್ಟೇ ಪಡೆಯುತ್ತಾನೆ. ಇದನ್ನು ದುರ್ಬಲ ಪಾತ್ರ ಎನ್ನಲು ನನಗೆ ಮನಸ್ಸಿಲ್ಲ.

ಕವಚದ ಆರೋಪ ಸ್ವಲ್ಪ ಗಟ್ಟಿ. ಚರ್ಮದ ಕವಚದಲ್ಲಿ ಆರ್ಮರ್ ಕ್ಲಾಸ್ 14, ಗಾಬ್ಲಿನ್‌ಗಳ ಏಟು ನೂರಕ್ಕೆ 55 ಸಲ ತಗುಲುತ್ತದೆ. 16 ಇದ್ದಿದ್ದರೆ 45. ಆದರೆ ಫೈಟರ್‌ಗೆ ಆರಂಭದಲ್ಲಿ ಸಿಗುವುದು ಸರಪಳಿ ಕವಚ ಅಥವಾ ಚರ್ಮದ ಕವಚದ ಜೊತೆಗೆ ಉದ್ದ ಬಿಲ್ಲು, ಎರಡರಲ್ಲಿ ಒಂದು. ಬಿಲ್ಲು ಬೇಕೆಂದವನು ಕವಚ ಬಿಟ್ಟ. ಹಾಗೂ 50 ಚಿನ್ನದ ನಾಣ್ಯ ಕೂಡಿದ ದಿನ ಫ್ಯಾಂಡಾಲಿನ್ ಊರಿನ ಅಂಗಡಿಯಲ್ಲಿ ಸ್ಕೇಲ್ ಮೇಲ್ ಎಂಬ ಕವಚ ಕೊಂಡರೆ 16 ಆಗಿಬಿಡುತ್ತದೆ. ಬಾಡಿಗೆ ಬಂಡಿಯನ್ನು ಊರಿಗೆ ಮುಟ್ಟಿಸಿದ್ದಕ್ಕೇ ತಲೆಗೆ ಹತ್ತು ನಾಣ್ಯ ಸಿಗುವ ಕಥೆಯಲ್ಲಿ ಇದು ದೂರದ ಮಾತಲ್ಲ.

ಐದು ಹಾಳೆಗಳಲ್ಲಿ ನಿಜಕ್ಕೂ ಕೈಚಳಕ ತಪ್ಪಿದಂತೆ ಕಾಣುವ ಸಂಖ್ಯೆ ಬೇಕೆಂದರೆ ಕ್ಲೆರಿಕ್‌ನದು: ಶಕ್ತಿ 14, ದೇಹದಾರ್ಢ್ಯ 15. ಇದರಲ್ಲಿ ಒಂದು ಅಂಕವನ್ನು ಅತ್ತಿಂದಿತ್ತ ಮಾಡಿ 13 ಮತ್ತು 16 ಮಾಡಿದ್ದರೆ ಪ್ರತಿ ಲೆವೆಲ್‌ಗೂ, ಅಂದರೆ ಪಾತ್ರ ಬೆಳೆಯುವ ಪ್ರತಿ ಮೆಟ್ಟಿಲಿಗೂ, ಒಂದು ಹಿಟ್ ಪಾಯಿಂಟ್ ಹೆಚ್ಚು ಸಿಗುತ್ತಿತ್ತು. ಅದಕ್ಕೂ ಬದಲಾಗಿ ಸುತ್ತಿಗೆಯ ಏಟಿನಲ್ಲಿ ಒಂದು ಕಡಿಮೆಯಾಗುತ್ತಿತ್ತು. ಕೊಟ್ಟು ಪಡೆದದ್ದು, ಅಷ್ಟೇ.

ಥಂಡರ್‌ಟ್ರೀಯಲ್ಲಿ

ಈಗ ಗುರಿಯ ಸಾಲಿಗೆ ಬರೋಣ. ಪೆಟ್ಟಿಗೆಯ ಸಾಹಸಕಥೆ ಪಾತ್ರಗಳನ್ನು ಒಂದನೇ ಲೆವೆಲ್‌ನಿಂದ ಐದನೇ ಲೆವೆಲ್‌ವರೆಗೆ ಕರೆದೊಯ್ಯುತ್ತದೆ. ಮೂರನೇ ಭಾಗದಲ್ಲಿ, ತಂಡ ಮೂರನೇ ಲೆವೆಲ್‌ನಲ್ಲಿರುವಾಗ, ನಕಾಶೆ ಬಿಚ್ಚಿಕೊಳ್ಳುತ್ತದೆ. ಎತ್ತ ಹೋಗಬೇಕೆಂಬುದು ಆಟಗಾರರಿಗೆ ಬಿಟ್ಟದ್ದು. ಥಂಡರ್‌ಟ್ರೀ ಆ ನಕಾಶೆಯಲ್ಲಿದೆ. ಬಿಲ್ಲುಗಾರನ ಹಾಳೆ ಹಿಡಿದವನು ಏನು ಹೇಳುತ್ತಾನೆ ಎಂಬುದನ್ನು ಊಹಿಸಲು ಜಾತಕ ನೋಡಬೇಕಿಲ್ಲ. ಅವನ ಹಾಳೆಯಲ್ಲಿ ಬರೆದಿರುವ ಒಂದೇ ಗುರಿ ಅಲ್ಲಿದೆ. ಹೊಸಬನಾದ ಅವನು ಅದನ್ನು ನಂಬುತ್ತಾನೆ, ನಂಬಬೇಕಾದದ್ದೂ ಸರಿಯೇ.

ಊರಿನ ಬಾಗಿಲಲ್ಲಿ ಒಂದು ಎಚ್ಚರಿಕೆಯ ಹಲಗೆ ಇದೆ. ಗಿಡದ ಭೂತಗಳಿವೆ, ಜೋಂಬಿಗಳಿವೆ, ಹಿಂದಿರುಗಿ ಎಂದು ಬರೆದಿದೆ. ಡ್ರ್ಯಾಗನ್‌ನ ಸುದ್ದಿ ಹಲಗೆಯಲ್ಲಿ ಇಲ್ಲ. ಊರಲ್ಲಿ ಡ್ರೂಯಿಡ್ (ಪ್ರಕೃತಿಯ ಮಂತ್ರವಾದಿ) ಒಬ್ಬನಿದ್ದಾನೆ, ಅವನಿಗೆ ಆ ಸುದ್ದಿ ಗೊತ್ತು; ಅವನನ್ನು ಮೊದಲು ಕಂಡವರ ಪುಣ್ಯ ಚೆನ್ನಾಗಿದೆ.

ಡ್ರ್ಯಾಗನ್‌ನ ಹೆಸರು ವೆನಮ್‌ಫ್ಯಾಂಗ್, ಪಾಳುಬಿದ್ದ ಗೋಪುರದಲ್ಲಿ ಅದರ ವಾಸ. ಇನ್ನೂ ಎಳೆಯ ಹಸಿರು ಡ್ರ್ಯಾಗನ್. ಎಳೆಯದು ಎಂದರೆ ಡ್ರ್ಯಾಗನ್‌ಗಳ ಲೆಕ್ಕದಲ್ಲಿ. ಹಿಟ್ ಪಾಯಿಂಟ್ 136, ಆರ್ಮರ್ ಕ್ಲಾಸ್ 18. ಬಾಯಿಂದ ಉಗುಳುವ ವಿಷದ ಹೊಗೆ 30 ಅಡಿ ಹರಡುತ್ತದೆ, ಆರು ಮುಖದ ಹನ್ನೆರಡು ದಾಳಗಳ ಪೆಟ್ಟು, ಸರಾಸರಿ 42. ದೇಹದಾರ್ಢ್ಯದ ಪರೀಕ್ಷೆಯಲ್ಲಿ 14 ಮುಟ್ಟಿದವರಿಗೆ ಅರ್ಧ.

ಗೋಪುರದೊಳಗೆ ಐವರೂ ಒಟ್ಟಿಗೆ ನುಗ್ಗಿದರು ಎಂದಿಟ್ಟುಕೊಂಡು, ಸರಾಸರಿ ಸಂಖ್ಯೆಗಳಿಂದಲೇ ಮೊದಲ ಸುತ್ತನ್ನು ಕಾಗದದ ಮೇಲೆ ಆಡಿ ನೋಡೋಣ. ಮೂರನೇ ಲೆವೆಲ್‌ನಲ್ಲಿ ಇಬ್ಬರು ಫೈಟರ್‌ಗಳ ಹಿಟ್ ಪಾಯಿಂಟ್ 28, ಕ್ಲೆರಿಕ್ 27, ರೋಗ್ 21, ವಿಝಾರ್ಡ್ 20. ಡ್ರ್ಯಾಗನ್ ಉಸಿರು ಬಿಟ್ಟಿತು.

ವಿಝಾರ್ಡ್ ಪರೀಕ್ಷೆಯಲ್ಲಿ ಸೋತರೆ 20 ಕಳೆದು ಇನ್ನೂ 22 ಉಳಿಯುತ್ತದೆ. ನಿಯಮದ ಪ್ರಕಾರ, ಸೊನ್ನೆಗೆ ಬಿದ್ದ ಮೇಲೆ ಮಿಕ್ಕ ಪೆಟ್ಟು ಪಾತ್ರದ ಪೂರ್ಣ ಹಿಟ್ ಪಾಯಿಂಟ್‌ನಷ್ಟಿದ್ದರೆ ಮೂರ್ಛೆ, ಆರೈಕೆ ಎಂಬ ಮಾತೇ ಇಲ್ಲ, ಅಲ್ಲೇ ಸಾವು. ವಿಝಾರ್ಡ್ ಸತ್ತ. ರೋಗ್ ಸೋತರೆ 21 ಕಳೆದು ಉಳಿಯುವುದು ಸರಿಯಾಗಿ 21. ಅವನೂ ಸತ್ತ. ಇವರಿಬ್ಬರೂ ಪರೀಕ್ಷೆ ಗೆದ್ದರೆ? ಆಗ ಪೆಟ್ಟು 21, ಇಬ್ಬರೂ ಸೊನ್ನೆಗೆ ಬಿದ್ದು ಮೂರ್ಛೆ ಹೋಗುತ್ತಾರೆ. ಗೆದ್ದರೂ ನೆಲ, ಸೋತರೆ ಮಸಣ. ಫೈಟರ್‌ಗಳಿಗೆ ಪರೀಕ್ಷೆ ಗೆಲ್ಲುವ ಅವಕಾಶ ನೂರಕ್ಕೆ 55; ಗೆದ್ದವನು 7 ಹಿಟ್ ಪಾಯಿಂಟ್‌ನಲ್ಲಿ ನಿಂತಿರುತ್ತಾನೆ, ಸೋತವನು ಬಿದ್ದಿರುತ್ತಾನೆ. ಗೆದ್ದರೂ ಸೋತರೂ ನಿಂತೇ ಇರುವವನು ಕ್ಲೆರಿಕ್ ಒಬ್ಬನೇ: ಅವನ ಜನಾಂಗಕ್ಕೆ ವಿಷ ಅರ್ಧದಷ್ಟೇ ಹತ್ತುತ್ತದೆ. ಹಾಳೆಯಲ್ಲಿ ಆ ಸಾಲನ್ನು ಓದಿದಾಗ ಯಾರಿಗೂ ಅದು ದೊಡ್ಡದೆನಿಸಿರುವುದಿಲ್ಲ.

ಇತ್ತ ತಂಡದ ಏಟುಗಳು. ಬಿಲ್ಲುಗಾರನ ಬಾಣ 18ಕ್ಕೆ ತಗುಲುವುದು ಎರಡಕ್ಕೊಂದು ಸಲ. ಮೂರನೇ ಲೆವೆಲ್‌ನಲ್ಲಿ ಅವನಿಗೆ 19 ಬಿದ್ದರೂ ಇಮ್ಮಡಿ ದಾಳಗಳು ಸಿಗುವುದನ್ನು ಸೇರಿಸಿ ಒಂದು ಬಾಣಕ್ಕೆ ಸರಾಸರಿ 4.2. ಡ್ರ್ಯಾಗನ್‌ನನ್ನು ಕೊಲ್ಲಬೇಕಿಲ್ಲ ಎಂಬುದು ಒಂದು ಸಮಾಧಾನ. ಅರ್ಧಕ್ಕೆ ಇಳಿದರೆ, ಅಂದರೆ 68 ಕಳೆದರೆ, ಅದು ಹಾರಿಹೋಗುತ್ತದೆ. ಒಬ್ಬನೇ ಹೊಡೆದರೆ ಹದಿನಾರು ಬಾಣಗಳಿಗಿಂತ ಹೆಚ್ಚು. ಐವರೂ ನಿಂತಿದ್ದು ಒಳ್ಳೆಯ ಮಂತ್ರಗಳನ್ನು ಖರ್ಚು ಮಾಡಿದರೆ ಒಂದು ಸುತ್ತಿಗೆ ಮೂವತ್ತರ ಆಸುಪಾಸು ಕೂಡುತ್ತದೆ, ಎರಡು ಸುತ್ತು ದಾಟಿ ಮೂರನೆಯದರಲ್ಲಿ ಕೆಲಸ ಮುಗಿಯುತ್ತದೆ. ಆದರೆ ಮೊದಲ ಸುತ್ತಿನಲ್ಲೇ ಇಬ್ಬರೋ ಮೂವರೋ ನೆಲಕ್ಕೆ ಬಿದ್ದಿದ್ದಾರೆ.

ಬಲಪಡಿಸಿದ್ದರೆ ಏನಾಗುತ್ತಿತ್ತು?

ಲೆಕ್ಕದ ಹುಚ್ಚಿನವರು ಇಲ್ಲಿ ಕುರ್ಚಿಯಿಂದ ಏಳುತ್ತಾರೆ. ನೋಡಿದಿರಾ, ಪಾತ್ರಗಳು ದುರ್ಬಲ! ಸರಿ, ಬಲಪಡಿಸೋಣ. ಬಿಲ್ಲುಗಾರನ ದೇಹದಾರ್ಢ್ಯ 15ರ ಬದಲು 16. ಮೂರನೇ ಲೆವೆಲ್‌ಗೆ ಹಿಟ್ ಪಾಯಿಂಟ್ 28ರ ಬದಲು 31, ಪರೀಕ್ಷೆಯಲ್ಲಿ ಒಂದು ಹೆಚ್ಚು. 42ರ ಉಸಿರಿನ ಮುಂದೆ 31 ಕೂಡ ನೆಲವೇ. ವಿಝಾರ್ಡ್‌ಗೂ ಅದೇ ಉಪಚಾರ ಮಾಡಿ 23 ಮಾಡಿ. ಸೋತರೆ ಸ್ಥಳದಲ್ಲೇ ಸಾವಿನ ಬದಲು ಮೂರ್ಛೆ, ಗೆದ್ದರೆ 2 ಹಿಟ್ ಪಾಯಿಂಟ್ ಉಳಿಯುತ್ತದೆ. ಅಷ್ಟು ಲಾಭ ನಿಜ. ಆದರೆ ಕದನ ಅದೇ ಕದನ. ಮೂರನೇ ಲೆವೆಲ್‌ನಲ್ಲಿ, ಈ ಪೆಟ್ಟಿಗೆಯ ನಿಯಮಗಳೊಳಗೆ, ಅಂಕಗಳನ್ನು ಎಷ್ಟೇ ತಿದ್ದಿದರೂ ಬಿಲ್ಲುಗಾರ ವೆನಮ್‌ಫ್ಯಾಂಗ್‌ಗೆ ಸರಿಸಾಟಿ ಆಗುವುದಿಲ್ಲ. ಅಂಕ ತಿದ್ದುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಅವನನ್ನು ನಿಜಕ್ಕೂ ಬದಲಿಸುವುದು ಲೆವೆಲ್. ಐದನೇ ಲೆವೆಲ್‌ನಲ್ಲಿ ಅವನ ಹಿಟ್ ಪಾಯಿಂಟ್ 44. ನಾಲ್ಕನೇ ಲೆವೆಲ್‌ನಲ್ಲಿ ಸಿಕ್ಕ ಎರಡು ಅಂಕ ಚುರುಕುತನಕ್ಕೆ ಹೋದರೆ 18, ಬಿಲ್ಲಿನ ಬೋನಸ್ +9. ಒಂದು ಸರದಿಗೆ ಎರಡು ಬಾಣ. ಆರ್ಮರ್ ಕ್ಲಾಸ್ 18ರ ಮೇಲೆ ಸರದಿಗೆ ಸರಾಸರಿ 11.1, ಅಂದರೆ ಮೂರನೇ ಲೆವೆಲ್‌ನಲ್ಲಿ ಇದ್ದದ್ದರ ಎರಡೂವರೆ ಪಟ್ಟಿಗಿಂತ ಹೆಚ್ಚು. 42ರ ಉಸಿರನ್ನು ಸರಾಸರಿಯಲ್ಲಿ ತಾಳಿಕೊಂಡು ನಿಲ್ಲುತ್ತಾನೆ. ವಿಚಿತ್ರವೆಂದರೆ ಐದನೇ ಲೆವೆಲ್ ಬರುವುದು ಕಥೆಯ ತುದಿಯಲ್ಲಿ. ಗುರಿ ಮುಟ್ಟುವ ಶಕ್ತಿ ಬರುವ ಹೊತ್ತಿಗೆ ಪೆಟ್ಟಿಗೆ ಮುಚ್ಚುವ ಸಮಯವಾಗಿರುತ್ತದೆ.

ಹಾಗಾಗಿ ನನ್ನ ತೀರ್ಮಾನ ಇಷ್ಟು: ಈ ಹಾಳೆಯಲ್ಲಿ ಅಂಕಗಳು ಸರಿಯಾಗಿಯೇ ಇವೆ, ತಪ್ಪಿರುವುದು ಗುರಿಯ ಸಾಲಿನ ಮೌನ. ಅದು ಎಲ್ಲಿಗೆ ಹೋಗಬೇಕೆಂದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ಸ್ವಂತ ಪಾತ್ರ ಕಟ್ಟಿದವನಿಗೆ ತನ್ನ ಪಾತ್ರದ ಮಿತಿ ಕಟ್ಟುವಾಗಲೇ ತಿಳಿಯುತ್ತದೆ. ಸಿದ್ಧ ಪಾತ್ರ ಹಿಡಿದ ಹೊಸಬನಿಗೆ ಹಾಳೆಯೇ ಗುರು. ಅದು ಡ್ರ್ಯಾಗನ್ ಎಂದರೆ ಅವನು ಡ್ರ್ಯಾಗನ್ ಕಡೆಗೇ ನಡೆಯುತ್ತಾನೆ.

ಇದಕ್ಕೆ ಹೋಲಿಸಿ ನೋಡಲು ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ ಮೊದಲ ಆವೃತ್ತಿಯಲ್ಲಿ ಎರಡು ಸಿದ್ಧ ಪಾತ್ರಗಳಿವೆ. ಬಾರ್ಬೇರಿಯನ್ (ಕಾಡು ಯೋಧೆ) ಅಮಿರಿ ತನ್ನ ಮೈಗೆ ಮೀರಿದ ದೈತ್ಯ ಕತ್ತಿಯನ್ನು ಹಿಡಿದಿದ್ದಾಳೆ. ಅದಕ್ಕಾಗಿ ಪ್ರತಿ ಏಟಿಗೂ ದಾಳದಲ್ಲಿ 2 ಕಳೆದುಕೊಳ್ಳುತ್ತಾಳೆ. ಲೆಕ್ಕದವರು ಇದನ್ನು ಕಂಡು ನಗುತ್ತಾರೆ, ಆದರೆ ಚಿತ್ರ ನೋಡಿದ ಮಗುವಿಗೂ ಈ ವ್ಯಾಪಾರ ಗೊತ್ತಾಗುತ್ತದೆ: ಕತ್ತಿ ದೊಡ್ಡದು, ಬೀಸುವುದು ಕಷ್ಟ, ತಗುಲಿದರೆ ಭಾರಿ ಪೆಟ್ಟು. ಇನ್ನೊಬ್ಬ ಹಾರ್ಸ್ಕ್, ಭಾರದ ಅಡ್ಡಬಿಲ್ಲು ಹಿಡಿದ ಕುಳ್ಳ ಬೇಟೆಗಾರ. ಆ ಆವೃತ್ತಿಯ 2009ರ ಮೂಲ ನಿಯಮಗಳಲ್ಲಿ ಭಾರದ ಅಡ್ಡಬಿಲ್ಲಿಗೆ ಬಾಣ ಏರಿಸುವುದಕ್ಕೇ ಒಂದು ಸರದಿ ಬೇಕು. ಅದಕ್ಕೆಂದೇ ಇರುವ ತರಬೇತಿ ಪಡೆದರೂ ನಡೆದಾಡುವ ಹೊತ್ತನ್ನು ಅದಕ್ಕೆ ಕೊಡಬೇಕು. ಹೀಗಾಗಿ ಏಳನೇ ಲೆವೆಲ್‌ನಲ್ಲಿ ಸಾಧಾರಣ ಬಿಲ್ಲುಗಾರ ಸರದಿಗೆ ಎರಡು ಮೂರು ಬಾಣ ಬಿಡುವಾಗ ಅವನದು ಒಂದೇ. ಚಿತ್ರದಲ್ಲಿರುವ ಗಟ್ಟಿ ಬೇಟೆಗಾರನನ್ನು ನಂಬಿ ಹಾಳೆ ಎತ್ತಿಕೊಂಡವನು, ಪಕ್ಕದವನ ದಾಳಗಳು ಉರುಳುವುದನ್ನು ನೋಡುತ್ತಾ ಕೂರಬೇಕು. ಹಗುರ ಅಡ್ಡಬಿಲ್ಲು ಕೊಟ್ಟಿದ್ದರೆ ಅದೇ ತರಬೇತಿಯಲ್ಲಿ ಈ ತೊಡಕೇ ಇರುತ್ತಿರಲಿಲ್ಲ. ಹಾಗಾಗಿ ದುರ್ಬಲ ಎಂಬ ಪದ ಹಾರ್ಸ್ಕ್‌ಗೆ ಒಪ್ಪುತ್ತದೆ. ನಮ್ಮ ಬಿಲ್ಲುಗಾರನಿಗೆ ಒಪ್ಪುವುದಿಲ್ಲ.

ಹಾಳೆಗೆ ಏನು ಮಾಡುವುದು

ಈ ಪೆಟ್ಟಿಗೆಯನ್ನು ಹೊಸಬರಿಗೆ ಆಡಿಸುವಾಗ ನಾನು ಅಂಕಗಳನ್ನು ಮುಟ್ಟುವುದಿಲ್ಲ. ಪೆನ್ಸಿಲ್‌ನಲ್ಲಿ ಕೆಲವು ಸಾಲು ಬರೆದು ಕೊಡುತ್ತೇನೆ. ಬಿಲ್ಲುಗಾರನ ಗುರಿಯ ಪಕ್ಕದಲ್ಲಿ: ‘ನಿನ್ನ ಊರಿನ ಹಿರಿಯರು ಹೇಳುತ್ತಿದ್ದರು, ಡ್ರ್ಯಾಗನ್ ಇರುವಲ್ಲಿಗೆ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಹೋದವರು ಯಾರೂ ಹಿಂದಿರುಗಿಲ್ಲ’. ಇದು ಪಾತ್ರಕ್ಕೆ ಗೊತ್ತಿರಬಹುದಾದ ಮಾತು, ಆಟಗಾರನಿಗೆ ಸಾಕಾಗುವ ಸುಳಿವು. ಬಿಲ್ಲಿನ ಪಕ್ಕದಲ್ಲಿ ಇನ್ನೊಂದು: ಐದು ಅಡಿಯೊಳಗೆ ಶತ್ರು ಇದ್ದಾಗ ಬಾಣ ಬಿಟ್ಟರೆ ಎರಡು ದಾಳ ಉರುಳಿಸಿ ಕಡಿಮೆಯದನ್ನು ತೆಗೆದುಕೊಳ್ಳಬೇಕು. ಬಿಲ್ಲನ್ನು ಕೆಳಗೆ ಬಿಟ್ಟು ಖಡ್ಗ ಹಿರಿಯಲು ಸರದಿ ಖರ್ಚಾಗುವುದಿಲ್ಲ. ಈ ಎರಡು ಸಂಗತಿ ಗೊತ್ತಿಲ್ಲದ ಹೊಸಬ ಗಾಬ್ಲಿನ್ ಮುಖಕ್ಕೆ ಬಿಲ್ಲು ಹಿಡಿದು ತಪ್ಪಿದ ಬಾಣಗಳನ್ನು ಎಣಿಸುತ್ತಾ, ಪಾತ್ರವೇ ಸರಿ ಇಲ್ಲ ಎಂದುಕೊಳ್ಳುತ್ತಾನೆ.

ಬಿಲ್ಲಿನ ದೂರವನ್ನೂ ಬಿಡಿಸಿ ಹೇಳಬೇಕು. ಹಾಳೆಯಲ್ಲಿ 150 ಮತ್ತು 600 ಎಂಬ ಎರಡು ಸಂಖ್ಯೆಗಳಿವೆ, ಅಷ್ಟೇ. ಡ್ರ್ಯಾಗನ್ ಒಂದು ಸರದಿಯಲ್ಲಿ 80 ಅಡಿ ಹಾರಿ 30 ಅಡಿ ಉಸಿರು ಬಿಡಬಲ್ಲದು, ಒಟ್ಟು 110. 150 ಅಡಿಯಲ್ಲಿ ನಿಂತವನಿಗೆ ಯಾವ ದಂಡವೂ ಇಲ್ಲದೆ ಬಾಣ ಬಿಡಲು ಬರುತ್ತದೆ, ಆ ಸರದಿಯಲ್ಲಿ ಉಸಿರು ಅವನನ್ನು ಮುಟ್ಟುವುದಿಲ್ಲ. ಬಯಲಿನಲ್ಲಿ, ಚದುರಿ ನಿಂತು, ಡ್ರ್ಯಾಗನ್ ಗೋಪುರದಿಂದ ಹೊರಬರುವಂತೆ ಮಾಡಿದರೆ ಈ ಪಾತ್ರ ಏನೆಂಬುದು ಕಾಣುತ್ತದೆ. ಗೋಪುರದ ಬಾಗಿಲಲ್ಲಿ ಕಾಣುವುದಿಲ್ಲ.

ಹೀಗೆ ಸುಮ್ಮನಿರುವ ಸಾಲು ಬೇರೆ ಹಾಳೆಗಳಲ್ಲೂ ಇದೆ. ವಿಝಾರ್ಡ್‌ನ ಮಂತ್ರ ಪುಸ್ತಕದಲ್ಲಿ ನಿದ್ರೆಯ ಮಂತ್ರವಿದೆ: ಎಂಟು ಮುಖದ ಐದು ದಾಳ, ಸರಾಸರಿ 22.5 ಹಿಟ್ ಪಾಯಿಂಟ್‌ನಷ್ಟು ಜೀವಿಗಳು ಮಲಗುತ್ತವೆ. ಕಥೆಯ ಮೊದಲ ಹೊಂಚುದಾಳಿಯಲ್ಲಿ ನಾಲ್ಕು ಗಾಬ್ಲಿನ್‌ಗಳು, ಒಂದೊಂದಕ್ಕೂ 7. ಒಂದೇ ಮಂತ್ರಕ್ಕೆ ಮೂರು ಗೊರಕೆ ಹೊಡೆಯುತ್ತವೆ. ಹೊಸ ತಂಡಗಳನ್ನು ಕಂಗೆಡಿಸುವ ಈ ಮೊದಲ ಕದನಕ್ಕೆ ಉತ್ತರ ಪೆಟ್ಟಿಗೆಯಲ್ಲೇ ಇತ್ತು, ಹಾಳೆ ಅದರತ್ತ ಬೆರಳು ತೋರಿಸಲಿಲ್ಲ.

ಇನ್ನು ವರ್ಚಸ್ಸು. ಇಷ್ಟೆಲ್ಲ ಹೇಳಿದ ಮೇಲೂ ಬಿಲ್ಲುಗಾರನ ಆರು ಅಂಕಗಳಲ್ಲಿ ನನಗೆ ಚುಚ್ಚುವುದು ಆ 9 ಒಂದೇ. ಹಸಿರು ಡ್ರ್ಯಾಗನ್ ಮಾತು ಬಲ್ಲ ಪ್ರಾಣಿ, ವಂಚನೆ ಅದರ ಸ್ವಭಾವ. ಮೂರನೇ ಲೆವೆಲ್‌ನ ತಂಡ ಅದರ ಎದುರು ಬಂದು ನಿಂತೇಬಿಟ್ಟರೆ ಬದುಕುಳಿಯುವ ದಾರಿ ಹೆಚ್ಚಾಗಿ ನಾಲಿಗೆಯ ಮೇಲಿರುತ್ತದೆ. ಆ ಹೊತ್ತಿಗೆ, ಇದು ಯಾರ ಊರೋ ಯಾರ ಹಗೆಯೋ ಅವನ ದಾಳಕ್ಕೆ ಒಂದು ಕಡಿತ. ಶ್ರೀಮಂತ ಫೈಟರ್‌ಗೆ ಮನವೊಲಿಸುವ ಕಲೆಯ ಜೊತೆಗೆ +4 ಇದೆ, ರೋಗ್‌ಗೆ ವಂಚಿಸುವುದರಲ್ಲಿ ಕಡಿಮೆ ಎಂದರೂ +5. ಪಾಯಿಂಟ್ ಕೊಟ್ಟು ಅಂಕ ಕೊಳ್ಳುವ ಕ್ರಮದಲ್ಲಿ ಆ ಕಡಿತ ಸೊನ್ನೆಗೆ ಬರುತ್ತಿತ್ತು ಎಂದು ಮೇಲೆ ನೋಡಿದೆವು, ಅಷ್ಟಾದರೂ ಕೊಟ್ಟಿದ್ದರೆ ಚೆನ್ನಾಗಿತ್ತು. ಈಗಿರುವಂತೆ, ಗೋಪುರದ ಮುಂದೆ ಬಿಲ್ಲುಗಾರನ ಆಟಗಾರ ಬಾಯಿ ತೆರೆಯುವ ಮೊದಲು ಅವನ ಹಾಳೆಯ ಆ ಸಂಖ್ಯೆಯನ್ನು ಒಮ್ಮೆ ತೋರಿಸಿ, ಮಾತನ್ನು ರೋಗ್‌ಗೆ ಬಿಟ್ಟು ಅವನು 150 ಅಡಿ ಹಿಂದೆ ಸರಿಯುವುದು ಲೇಸೆಂದು ಹೇಳುತ್ತೇನೆ.